ಮೊದಲನೇ ಪಾರ್ಟಿಯವರಿಗೊಂದು ಕೈಪಿಡಿ

ಬೆಂಗಳೂರಿನಲ್ಲಿ ಮನೆ ಕಟ್ಟುವವರಿಗೆ ಸಲಹೆ ಕೊಡಲು ವಾಸ್ತು ಪಂಡಿತರಿದ್ದಾರೆ, ಎಂಜಿನಿಯರುಗಳಿದ್ದಾರೆ, ಎದುರು ಮನೆಯ ನಿವೃತ್ತ ಮೇಷ್ಟ್ರಿದ್ದಾರೆ. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಡುವವರಿಗೆ ಮಾತ್ರ ಹೇಳುವವರು ಕೇಳುವವರು ಯಾರೂ ಇಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಒಂದರಲ್ಲಿ ತಾವಿದ್ದು, ಉಳಿದ ಮೂರರ ಬಾಡಿಗೆಯಲ್ಲಿ ಬ್ಯಾಂಕಿನ ಕಂತು ಕಟ್ಟಲು ಹೊರಟ ಹೊಸ ಮಾಲೀಕರು ಕತ್ತಲಲ್ಲಿ ತಡಕಾಡುತ್ತಿದ್ದಾರೆ. ಕರಾರು ಪತ್ರ 'ಮೊದಲನೇ ಪಾರ್ಟಿ' ಎಂದು ಕರೆಯುವ ಅಂಥವರ ಅನುಕೂಲಕ್ಕಾಗಿ, ನಗರದ ಅನುಭವಿ ಮಾಲೀಕರ ಆಚಾರ ವಿಚಾರಗಳನ್ನು ಒಟ್ಟುಮಾಡಿ ಈ ಕೈಪಿಡಿ ಸಿದ್ಧವಾಗಿದೆ. ಬಾಡಿಗೆದಾರರು ಇದನ್ನು ಓದತಕ್ಕದ್ದಲ್ಲ. ಓದಿದ್ದು ಗೊತ್ತಾದರೆ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು.

ಬೋರ್ಡು ಮತ್ತು ಸಂದರ್ಶನ

ಟು-ಲೆಟ್ ಬೋರ್ಡಿಗೂ ಮುಹೂರ್ತವಿದೆ. ಆಷಾಢದಲ್ಲಿ ನೇತುಹಾಕಬೇಡಿ. ಆ ತಿಂಗಳು ಮನೆ ಬದಲಾಯಿಸುವವರು ಕಡಿಮೆ. ಬದಲಾಯಿಸುವವರು ಶಾಸ್ತ್ರಕ್ಕೆ ಅಂಜದವರು. ಶಾಸ್ತ್ರಕ್ಕೇ ಅಂಜದವರು ನಿಮಗೆ ಅಂಜುತ್ತಾರೆಯೇ? ನೇರವಾಗಿ ಚೌಕಾಸಿಗೆ ಇಳಿಯುತ್ತಾರೆ. ಶ್ರಾವಣ ಹುಟ್ಟಲಿ, ಬೋರ್ಡು ತೂಗಲಿ, ಬಾಡಿಗೆ ಒಂದು ಸಾವಿರ ಏರಲಿ.

ಬೋರ್ಡಿನಲ್ಲಿ ಫೋನ್ ನಂಬರಿಗಿಂತ ದಪ್ಪ ಅಕ್ಷರದಲ್ಲಿ ಇರಬೇಕಾದದ್ದು 'ಫ್ಯಾಮಿಲಿಗೆ ಮಾತ್ರ'. ಮದುವೆಯಾಗದವನಿಗೆ ಮನೆ ಕೊಡಬಾರದು ಎಂಬುದು ಮಾಲೀಕರ ಶಾಸನ. ಮನೆ ಮಾಡದವನಿಗೆ ಹೆಣ್ಣು ಕೊಡಬಾರದು ಎಂಬುದು ಹೆಣ್ಣು ಹೆತ್ತವರ ಶಾಸನ. ಈ ಎರಡರ ನಡುವೆ ಸಿಕ್ಕಿಕೊಂಡವನು ಪಿ.ಜಿ. ಸೇರುತ್ತಾನೆ. ಆ ಪಿ.ಜಿ. ಯಾರದೆಂದು ವಿಚಾರಿಸಿದರೆ, ನಿಮ್ಮಂಥ ಮಾಲೀಕರೊಬ್ಬರದೇ ಆಗಿರುತ್ತದೆ. ಒಬ್ಬ ಬ್ರಹ್ಮಚಾರಿ ಬೀದಿಯ ಮರ್ಯಾದೆಗೆ ಅಪಾಯ. ಮಂಚದ ಲೆಕ್ಕದಲ್ಲಿ ದುಡ್ಡು ಕೊಡುವ ಹದಿನೆಂಟು ಬ್ರಹ್ಮಚಾರಿಗಳು ಉದ್ಯಮ.

ಸಂದರ್ಶನದಲ್ಲಿ ಜಾತಿ ಕೇಳಬೇಡಿ. ಅದು ಅಸಭ್ಯ. ಸಭ್ಯರು ಹೀಗೆ ಕೇಳುತ್ತಾರೆ:

"ಸಾರ್, ಊರ ಕಡೆ ಯಾವುದು?"

"ಹಾಸನ ಸಾರ್."

"ಹಾಸನ ಟೌನೇನಾ?"

"ಇಲ್ಲ, ಅರಸೀಕೆರೆ ಹತ್ರ ಹಳ್ಳಿ."

"ಒಳ್ಳೇದು, ಒಳ್ಳೇದು. ಮನೆದೇವ್ರು ಯಾವುದು?"

ಜಾತಿ ಕೇಳುವುದು ತಪ್ಪು. ಮನೆದೇವರ ಹೆಸರು ಕೇಳುವುದು ಭಕ್ತಿ. ಉತ್ತರ ಹಿಡಿಸದಿದ್ದರೆ ಮುಖದ ಮೇಲೆ ಇಲ್ಲವೆನ್ನಬೇಡಿ. "ನಮ್ಮ ಮನೇವ್ರನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀನಿ" ಅನ್ನಿ. ಇಪ್ಪತ್ತೈದು ವರ್ಷದಿಂದ ಯಾವ ವಿಷಯಕ್ಕೂ ಕೇಳದ ಹೆಂಡತಿಯ ಅಭಿಪ್ರಾಯಕ್ಕೆ ಬೆಲೆ ಬರುವುದು ಈ ಒಂದು ಸಂದರ್ಭದಲ್ಲಿ. ಸಂವಿಧಾನ ಅಡ್ಡ ಬಂದೀತೆಂಬ ಭಯವೂ ಬೇಡ. 15ನೇ ವಿಧಿಯ ಎರಡನೇ ಖಂಡದಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲವೂ ಇವೆ. ಬಾಡಿಗೆ ಮನೆ ಇಲ್ಲ. ಬಾವಿಯೊಂದು ತೊಡಕಾಗಬಹುದಿತ್ತು. ಅದನ್ನು ಮುಚ್ಚಿ ಕಾರ್ ಪಾರ್ಕಿಂಗ್ ಮಾಡಿದ್ದೀರಿ.

ಇನ್ನು ದಾಖಲೆಗಳು. ಆಧಾರ್ ಜೆರಾಕ್ಸ್, ಪ್ಯಾನ್ ಜೆರಾಕ್ಸ್, ಆಫೀಸಿನ ಐ.ಡಿ., ಮೂರು ತಿಂಗಳ ಸಂಬಳದ ಚೀಟಿ, ಗಂಡಹೆಂಡಿರಾದರೆ ಮದುವೆಯ ಪುರಾವೆ, ಊರಿನ ಇಬ್ಬರ ಫೋನ್ ನಂಬರು. ಬಾಡಿಗೆದಾರರ ವಿವರ ಕೊಡಿ ಎಂದು ಪೊಲೀಸರೂ ಆಗಾಗ ಹೇಳುತ್ತಿರುತ್ತಾರೆ. ನೀವು ಕಾಗದಗಳನ್ನು ಪಡೆದು ದೇವರ ಮನೆಯ ಬೀರುವಿನಲ್ಲಿ ಇಟ್ಟರೆ ಸಾಕು, ಕಾನೂನು ಪಾಲಿಸಿದಂತೆ ಅನಿಸುತ್ತದೆ. ಒಂದು ಎಚ್ಚರಿಕೆ: ಕೆಲವು ಅಧಿಕಪ್ರಸಂಗಿಗಳು ತಿರುಗಿ ನಿಮ್ಮ ದಾಖಲೆ ಕೇಳುತ್ತಾರೆ. ಮನೆ ನಿಮ್ಮ ಹೆಸರಿನಲ್ಲೇ ಇದೆಯೇ ಎಂದು ಖಾತೆ, ತೆರಿಗೆ ರಸೀದಿ; ಮೇಲೆ ಸಾಲವಿದೆಯೇ ಎಂದು ಋಣಭಾರ ಪತ್ರ; ನಾಲ್ಕನೇ ಮಹಡಿ ನಕ್ಷೆಯಲ್ಲಿತ್ತೇ ಎಂದು ಓ.ಸಿ. ಎಂಬ ಸ್ವಾಧೀನಾನುಭವ ಪತ್ರ. ಆಗ ಎದ್ದು ನಿಲ್ಲಿ. "ನಂಬಿಕೆ ಇಲ್ಲ ಅಂದ್ರೆ ಬೇರೆ ಮನೆ ನೋಡ್ಕೊಳ್ಳಿ ಸಾರ್" ಅನ್ನಿ. ಪುರಾವೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ನಂಬಿಕೆ ಮೇಲಿನಿಂದ ಕೆಳಕ್ಕೆ ಬರಬೇಕು. ಈ ಕೈಪಿಡಿಯ ಮೂಲಮಂತ್ರ ಇಷ್ಟೇ. ಮುಂದಿನದೆಲ್ಲ ಅದರ ವ್ಯಾಖ್ಯಾನ.

ಹನ್ನೊಂದು ತಿಂಗಳ ಪಂಚಾಂಗ

ಕರಾರು ಪತ್ರವನ್ನು ಈಗ ಯಾರೂ ಕೂತು ಬರೆಯುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಆಸುಪಾಸಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅದು ಅನಾದಿಯಿಂದ ಇದೆ. ಹೆಸರು, ತಾರೀಖು, ಮೊತ್ತ ಈ ಮೂರನ್ನು ಅಳಿಸಿ ಹೊಸದು ಕುಟ್ಟಿದರೆ ಮುಗಿಯಿತು. ಅವಸರದಲ್ಲಿ ಒಂಬತ್ತನೇ ಷರತ್ತಿನಲ್ಲಿ ಹಿಂದಿನ ಬಾಡಿಗೆದಾರನ ಹೆಸರು ಉಳಿದುಹೋಗಿರುತ್ತದೆ. ಮನೆ ಬಿಟ್ಟು ಎರಡು ವರ್ಷವಾದರೂ ಆತ, ತಾನು ಸದರಿ ಷೆಡ್ಯೂಲ್ ಸ್ವತ್ತಿನಲ್ಲಿ ಸಿಡಿಮದ್ದು ದಾಸ್ತಾನು ಮಾಡುವುದಿಲ್ಲವೆಂದು ಒಪ್ಪುತ್ತಲೇ ಇರುತ್ತಾನೆ. ಸಿಡಿಮದ್ದಿನ ಷರತ್ತು ಎಲ್ಲ ಕರಾರಿನಲ್ಲೂ ಇರುತ್ತದೆ. ಬಚ್ಚಲಿನ ಪೈಪು ಒಡೆದರೆ ಯಾರು ಸರಿಮಾಡಿಸಬೇಕು ಎಂಬ ಷರತ್ತು ಎಲ್ಲೂ ಇರುವುದಿಲ್ಲ.

ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಕಲಿ ಛಾಪಾ ಕಾಗದವನ್ನು ದೇಶಕ್ಕೆಲ್ಲ ಹಂಚಿ ಜೈಲು ಸೇರಿದ ಮೇಲೆ ನಮ್ಮ ರಾಜ್ಯಕ್ಕೆ ಇ-ಸ್ಟಾಂಪ್ ಬಂತು. ಆಗ ಕಾಗದ ನಕಲಿ, ಬರಹ ಅಸಲಿ. ಈಗ ಕಾಗದ ಅಸಲಿ, ಬರಹವೇ ನಕಲು.

ಅವಧಿ ಹನ್ನೊಂದು ತಿಂಗಳು ಮಾತ್ರ. ಯಾಕೆಂದು ಯಾರಾದರೂ ಕೇಳಿದರೆ "ಹಂಗೇ ಸಾರ್ ಎಲ್ಲಾ ಕಡೆ" ಎಂದು ಹೇಳಿ. ನಿಜವಾದ ಕಾರಣ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಲ್ಲಿದೆ: ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಬ್ರಿಟಿಷರು ಬರೆದ ಕಾನೂನನ್ನು ಗಾಂಧೀಜಿ ಉಪ್ಪು ಹಿಡಿದು ಮುರಿದರೆ, ನಾವು ಒಂದು ತಿಂಗಳು ಬಿಟ್ಟುಕೊಟ್ಟು ಮಣಿಸಿದ್ದೇವೆ. ಒಬ್ಬನೇ ಬಾಡಿಗೆದಾರ ಒಂದೇ ಮನೆಯಲ್ಲಿ ಎಂಟು ವರ್ಷ ಇದ್ದು, ಮಗಳನ್ನು ಎಲ್‌ಕೆಜಿಯಿಂದ ಏಳನೇ ಕ್ಲಾಸಿನವರೆಗೆ ಓದಿಸಿದರೂ ಆತ ಹನ್ನೊಂದು ತಿಂಗಳ ಮನುಷ್ಯನೇ.

ಹನ್ನೊಂದು ತಿಂಗಳ ಈ ಲೆಕ್ಕದ ಹಿಂದೆ ಇನ್ನೊಂದು ಭಯವೂ ಇದೆ. ಯಾವನಾದರೂ ಹನ್ನೆರಡು ವರ್ಷ ಇದ್ದುಬಿಟ್ಟರೆ ಮನೆ ಅವನದೇ ಆಗಿಹೋಗುತ್ತದಂತೆ. ಇದನ್ನು ಹೇಳದ ಮಾಲೀಕರಿಲ್ಲ. ಹೀಗೆ ಮನೆ ಕಳೆದುಕೊಂಡವರು ಯಾವಾಗಲೂ ಬೇರೆ ಬಡಾವಣೆಯಲ್ಲಿರುತ್ತಾರೆ. ಕಾನೂನಿನ ಲೆಕ್ಕ ಬೇರೆ. ಬಾಡಿಗೆದಾರನಾಗಿ ಒಳಬಂದವನು, ಆ ಬಾಡಿಗೆ ಸಂಬಂಧ ಇರುವವರೆಗೆ, ತನ್ನನ್ನು ಒಳಬಿಟ್ಟ ಮಾಲೀಕನ ಹಕ್ಕನ್ನು ಅಲ್ಲಗಳೆಯುವಂತಿಲ್ಲ. ನಿಮ್ಮ ಒಪ್ಪಿಗೆಯಿಂದ ಇರುವವನ ವಾಸ, ಎಷ್ಟು ವರ್ಷವಾದರೂ, ಒಪ್ಪಿಗೆಯ ವಾಸವೇ. ಆತ ಬಾಡಿಗೆದಾರ ಎಂದು ತೋರಿಸಲು ಒಂದು ಸರಿಯಾದ ಕರಾರು, ತಿಂಗಳು ತಿಂಗಳು ಬ್ಯಾಂಕಿಗೆ ಬಂದ ಬಾಡಿಗೆ ಅಥವಾ ಕೊಟ್ಟ ರಸೀದಿ ಇದ್ದರೆ ಸಾಕು. ಅನುಭವಿ ಮಾಲೀಕರು ಏನು ಮಾಡುತ್ತಾರೆ? ಮನೆ ಹೋದೀತೆಂಬ ಭಯಕ್ಕೆ ಕರಾರನ್ನು ಹನ್ನೊಂದು ತಿಂಗಳಿಗೆ ಕತ್ತರಿಸುತ್ತಾರೆ, ಮತ್ತೆ ಮಾಡಿಸಲು ಮರೆಯುತ್ತಾರೆ, ತೆರಿಗೆಯ ಭಯಕ್ಕೆ ಬಾಡಿಗೆಯನ್ನು ನಗದಾಗಿ ಪಡೆಯುತ್ತಾರೆ, ರಸೀದಿ ಕೊಡುವುದಿಲ್ಲ. ಅಂದರೆ ಮನೆಯಲ್ಲಿರುವವನು ಬಾಡಿಗೆದಾರ ಎನ್ನುವುದಕ್ಕೆ ಇದ್ದ ಸಾಕ್ಷಿಗಳನ್ನೆಲ್ಲ ಸ್ವಂತ ಕೈಯಿಂದ ಒರೆಸಿ, ಆಮೇಲೆ ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಾರೆ.

ಸ್ಟಾಂಪಿನ ವಿಷಯದಲ್ಲೂ ಇದೇ ಜಾಣತನ. ಕರಾರಿಗೆ ಕಟ್ಟಬೇಕಾದ ಶುಲ್ಕ ಎಷ್ಟೇ ಇರಲಿ, ನೂರು ರೂಪಾಯಿಯ ಇ-ಸ್ಟಾಂಪಿನಲ್ಲಿ ಮುಗಿಸಿಬಿಡಿ. ಉಳಿದ ದುಡ್ಡಿನಲ್ಲಿ ಮಸಾಲೆ ದೋಸೆ ತಿನ್ನಬಹುದು. ಮುಂದೊಂದು ದಿನ ಬಾಡಿಗೆದಾರ ಬಾಕಿ ಉಳಿಸಿ, ನೀವು ಅದೇ ಕರಾರನ್ನು ಹಿಡಿದು ನ್ಯಾಯಾಲಯಕ್ಕೆ ಹೋದಾಗ, 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಂ ಎದುರಾಗುತ್ತದೆ: ಕಡಿಮೆ ಸ್ಟಾಂಪಿನ ಪತ್ರ ಸಾಕ್ಷ್ಯವಾಗಬೇಕಾದರೆ ಕೊರೆ ಬಿದ್ದ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕು. ಆ ದೋಸೆಯ ಬಿಲ್ಲು ಆವತ್ತು ಬರುತ್ತದೆ. ಅವಧಿ ಮುಗಿದ ಮೇಲೂ ಬಾಡಿಗೆ ಪಡೆಯುತ್ತಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅದನ್ನು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯೆಂದು ನೋಡುತ್ತದೆ. ಬಿಡಿಸಲು ಹದಿನೈದು ದಿನದ ನೋಟಿಸು ಬೇಕು. "ನಾಳೆನೇ ಖಾಲಿ ಮಾಡಿ" ಎಂಬ ನಿಮ್ಮ ಪ್ರಸಿದ್ಧ ವಾಕ್ಯ ಯಾವ ಕಾಯ್ದೆಯಲ್ಲೂ ಇಲ್ಲ.

ಹಾಗಾದರೆ ಬಾಡಿಗೆ ಕಾಯ್ದೆ? ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999. ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ, ಉಳಿದೆಡೆ 2,000 ರೂಪಾಯಿವರೆಗಿನ ಬಾಡಿಗೆಯ ಮನೆಗಳಿಗೆ ಎಂದು ಮಾಡಿದ ಕಾಯ್ದೆ. ಇವತ್ತು ಆ ದುಡ್ಡಿಗೆ ಬೆಂಗಳೂರಿನಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಶಾಸನವೊಂದು ತನ್ನ ರಕ್ಷಣೆಗೆ ಒಳಪಡುವವರೆಲ್ಲ ಊರು ಬಿಟ್ಟು ಹೋಗುವ ತನಕ ಕಾದಿದೆ. ಮುಂಬೈ ಕಡೆ ಮಾತ್ರ ತಲೆಹಾಕಬೇಡಿ. ಅಲ್ಲಿನ ಬಾಡಿಗೆ ಕಾಯ್ದೆಯ ಪ್ರಕಾರ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ಅದು ಮಾಲೀಕನ ಹೊಣೆ, ಮಾಡದಿದ್ದರೆ ಶಿಕ್ಷೆಯೂ ಮಾಲೀಕನಿಗೇ. ಅಂಥ ಕರಾರು ಇಲ್ಲದಿದ್ದರೆ, ಬೇರೆ ರುಜುವಾತಾಗುವವರೆಗೆ, ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಡೆಯುತ್ತದೆ. ಇಂಥ ಅನಾಚಾರ ಗಡಿ ದಾಟಿ ಬಾರದಂತೆ ನೋಡಿಕೊಳ್ಳುವುದು ನಾಡಪ್ರೇಮಿಗಳ ಕರ್ತವ್ಯ.

ಅಡ್ವಾನ್ಸು

ಬೆಂಗಳೂರು ಜಗತ್ತಿಗೆ ಕೊಟ್ಟ ಕೊಡುಗೆಗಳಲ್ಲಿ ಹತ್ತು ತಿಂಗಳ ಅಡ್ವಾನ್ಸೂ ಒಂದು. ಈಗ ಕೆಲವರು ಐದಾರು ತಿಂಗಳಿಗೆ ಇಳಿದಿದ್ದಾರೆ. ಅವರು ಪರಂಪರೆ ಬಿಟ್ಟವರು. 25 ಸಾವಿರದ ಮನೆಗೆ ಎರಡೂವರೆ ಲಕ್ಷ. ಶೇ 6ರ ಬಡ್ಡಿ ಹಿಡಿದರೂ ವರ್ಷಕ್ಕೆ 15 ಸಾವಿರ. ಅಂದರೆ ಬಾಡಿಗೆದಾರ ಹನ್ನೆರಡು ತಿಂಗಳಲ್ಲಿ ಹನ್ನೆರಡೂವರೆ ತಿಂಗಳಿಗೂ ಹೆಚ್ಚಿನ ಬಾಡಿಗೆ ಕೊಟ್ಟು, ಆ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರಾರಿನಲ್ಲಿ 'ಬಡ್ಡಿರಹಿತ' ಎಂದು ಬರೆಸುವುದನ್ನು ಮರೆಯಬೇಡಿ. ಬಾಡಿಗೆ ಒಂದು ವಾರ ತಡವಾದರೆ ಬಡ್ಡಿ ಎಂದು ಬರೆಸುವುದನ್ನೂ ಮರೆಯಬೇಡಿ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಒಪ್ಪಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದಂತೆ. ಮನೆ ಖಾಲಿ ಮಾಡಿಕೊಟ್ಟ ದಿನವೇ ಹಣ ವಾಪಸಾಗಬೇಕಂತೆ. ದೆಹಲಿಯಲ್ಲಿ ಕೂತವರಿಗೆ ಬಸವನಗುಡಿಯ ಕಷ್ಟ ಏನು ಗೊತ್ತು? ಪುಣ್ಯಕ್ಕೆ ಅದು ಮಾದರಿ ಮಾತ್ರ. ಆಯಾ ರಾಜ್ಯ ಒಪ್ಪಿ ತನ್ನ ಕಾನೂನು ಮಾಡಿಕೊಂಡರೆ ಉಂಟು. ಶಾಸನ ಮಾಡುವವರಲ್ಲೂ ಬಾಡಿಗೆಗೆ ಕೊಟ್ಟವರು ಹೆಚ್ಚೋ ಬಾಡಿಗೆಗೆ ಇರುವವರು ಹೆಚ್ಚೋ ಎಂದು ಯೋಚಿಸಿದರೆ ನಿಮಗೆ ನೆಮ್ಮದಿಯ ನಿದ್ದೆ ಬರುತ್ತದೆ.

ಅಡ್ವಾನ್ಸನ್ನು ಏನು ಮಾಡಬೇಕು? ಬೇರೆ ಖಾತೆಯಲ್ಲಿ ಇಡುವುದು ಅನನುಭವಿಗಳ ಲಕ್ಷಣ. ಮೂರನೇ ಮಹಡಿಯ ಅಡ್ವಾನ್ಸಿನಲ್ಲಿ ನಾಲ್ಕನೇ ಮಹಡಿಯ ಗ್ರಾನೈಟು ಹಾಕಿಸಿ. ನಾಲ್ಕನೆಯದರ ಅಡ್ವಾನ್ಸಿನಲ್ಲಿ ಮಗನಿಗೆ ಬೈಕು ಕೊಡಿಸಿ. ಮೂರನೆಯವನು ಖಾಲಿ ಮಾಡುತ್ತೇನೆಂದಾಗ "ಹೊಸ ಪಾರ್ಟಿ ಬರ್ಲಿ, ಕೊಡ್ತೀನಿ" ಅನ್ನಿ. ಹೊಸಬನ ದುಡ್ಡು ಹಳಬನಿಗೆ. ಊರಿನ ಬಾಡಿಗೆದಾರರೆಲ್ಲ ಒಂದೇ ದಿನ ಮನೆ ಬಿಡುತ್ತೇವೆಂದು ಎದ್ದರೆ ಎಷ್ಟು ಮಾಲೀಕರು ತಲೆಮರೆಸಿಕೊಳ್ಳಬೇಕಾದೀತೆಂದು ಲೆಕ್ಕ ಹಾಕಬೇಡಿ. ಅಷ್ಟು ಒಗ್ಗಟ್ಟು ಅವರಿಗಿಲ್ಲ.

ಲೀಸು, ಅಂದರೆ ಭೋಗ್ಯ

ತಿಂಗಳ ಬಾಡಿಗೆಯ ತಾಪತ್ರಯವೇ ಬೇಡ ಎನ್ನುವ ಮಾಲೀಕರಿಗೆ ಲೀಸ್ ಇದೆ. ಹದಿನೈದೋ ಇಪ್ಪತ್ತೋ ಲಕ್ಷವನ್ನು ಒಂದೇ ಗಂಟಿನಲ್ಲಿ ಪಡೆದು, ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಕೊಟ್ಟು, ಕೊನೆಗೆ ಅಷ್ಟನ್ನೂ ಹಿಂದಿರುಗಿಸುವ ಏರ್ಪಾಡು. ಬಾಡಿಗೆದಾರನಿಗೆ ಮನೆ ಪುಕ್ಕಟೆ ಸಿಕ್ಕಂತೆ ಅನಿಸುತ್ತದೆ, ಮಾಲೀಕನಿಗೆ ಸಾಲ ಪುಕ್ಕಟೆ ಸಿಕ್ಕಂತೆ ಅನಿಸುತ್ತದೆ. ಇಬ್ಬರಿಗೂ ಲಾಭವಾದ ವ್ಯವಹಾರದಲ್ಲಿ ನಷ್ಟ ಎಲ್ಲೋ ಕೂತು ಕಾಯುತ್ತಿರುತ್ತದೆ.

ಅದು ಕೂತಿರುವ ಜಾಗ ಋಣಭಾರ ಪತ್ರ. ಮನೆ ಆಗಲೇ ಬ್ಯಾಂಕಿಗೆ ಅಡವಾಗಿರಬಹುದು. ಕಂತು ನಿಂತರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕಿನವರು ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸುತ್ತಾರೆ. ಒಳಗೆ ಬೇಳೆ ಬೇಯಿಸುತ್ತಿರುವ ಕುಟುಂಬಕ್ಕೆ ತನ್ನ ಲಕ್ಷಗಳು ಗೋಡೆಯಲ್ಲಿಲ್ಲ, ಮಾಲೀಕನ ಮಾತಿನಲ್ಲಿದ್ದವು ಎಂದು ಆಗ ತಿಳಿಯುತ್ತದೆ. ಇನ್ನೊಂದು ನಮೂನೆಯೂ ಊರಲ್ಲಿ ನಡೆದಿದೆ. ಮಧ್ಯವರ್ತಿಯೊಬ್ಬ ಮಾಲೀಕನಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆಯುತ್ತಾನೆ, ಅದನ್ನೇ ಬೇರೊಬ್ಬರಿಗೆ ಲೀಸಿಗೆ ಕೊಟ್ಟು ಗಂಟು ಪಡೆಯುತ್ತಾನೆ, ಕೆಲವು ತಿಂಗಳು ಬಾಡಿಗೆ ಕಟ್ಟಿ ನಾಪತ್ತೆಯಾಗುತ್ತಾನೆ. ಆಮೇಲೆ ಬಾಡಿಗೆ ಬಾರದ ಮಾಲೀಕ, ಲಕ್ಷಗಳನ್ನು ಕೊಟ್ಟ ಬಾಡಿಗೆದಾರ ಇಬ್ಬರೂ ಒಂದೇ ಠಾಣೆಯ ಬೆಂಚಿನಲ್ಲಿ ಮೊದಲ ಬಾರಿಗೆ ಪರಿಚಯ ಮಾಡಿಕೊಳ್ಳುತ್ತಾರೆ. ನಡುವಿನವನನ್ನು ನಂಬಿ ಒಬ್ಬರನ್ನೊಬ್ಬರು ನೋಡದೆ ಕರಾರು ಮಾಡಿದ್ದರ ಫಲ.

ಮೂರು ವರ್ಷದ ಲೀಸನ್ನು ನೋಂದಣಿ ಮಾಡಿಸಲೇಬೇಕು ಎಂದು ಯಾರಾದರೂ ನೆನಪಿಸಿದರೆ, ಹನ್ನೊಂದು ತಿಂಗಳ ಮೂರು ಕರಾರು ಮಾಡಿಸಿ ಎಂದು ಜೆರಾಕ್ಸ್ ಅಂಗಡಿಯವನೇ ದಾರಿ ತೋರಿಸುತ್ತಾನೆ. ಇಪ್ಪತ್ತು ಲಕ್ಷದ ವ್ಯವಹಾರಕ್ಕೆ ಕಾನೂನು ಸಲಹೆ ಕೊಡುವವನ ಫೀಸು, ಪ್ರಿಂಟಿಗೆ ಐದು ರೂಪಾಯಿ.

ಪ್ಯಾನ್ ಎಂಬ ಅಪಶಬ್ದ

ಬಾಡಿಗೆದಾರನಿಗೆ ಮನೆ ತೋರಿಸಿ, ಕಾಫಿ ಕೊಟ್ಟು, ಬೀಗದ ಕೈ ಕೈಗಿಟ್ಟ ಮೇಲೆ ಆತ ಮೆಲ್ಲಗೆ ಕೇಳುತ್ತಾನೆ: "ಸಾರ್, ಎಚ್‌ಆರ್‌ಎ ಕ್ಲೇಮ್‌ಗೆ ನಿಮ್ಮ ಪ್ಯಾನ್ ಬೇಕಿತ್ತು." ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಬೇಕಾದರೆ, ವರ್ಷಕ್ಕೆ ಒಂದು ಲಕ್ಷ ಮೀರಿ ಬಾಡಿಗೆ ಕಟ್ಟುವ ನೌಕರನಿಂದ ಅವನ ಕಚೇರಿ ಮಾಲೀಕನ ಪ್ಯಾನ್ ಕೇಳುತ್ತದೆ. ತಿಂಗಳಿಗೆ 50 ಸಾವಿರ ಮೀರಿದರೆ ಬಾಡಿಗೆದಾರನೇ ತೆರಿಗೆ ಮುರಿದು ಕಟ್ಟಬೇಕು; ಮೊದಲು ಶೇ 5 ಇತ್ತು, 2024ರ ಅಕ್ಟೋಬರಿನಿಂದ ಶೇ 2. ಇದನ್ನೆಲ್ಲ ಕೇಳಿಸಿಕೊಳ್ಳುವಾಗ ಮುಖದಲ್ಲಿ ಸಂಕಟ ತನ್ನಿ. "ಪ್ಯಾನ್ ಕೊಟ್ರೆ ಬಾಡಿಗೆ ಎರಡು ಸಾವಿರ ಜಾಸ್ತಿ ಆಗುತ್ತೆ" ಎನ್ನಿ. ಬಾಡಿಗೆದಾರನ ಪ್ಯಾನ್ ಜೆರಾಕ್ಸ್ ಆಗಲೇ ನಿಮ್ಮ ಬೀರುವಿನಲ್ಲಿದೆ ಎಂಬುದನ್ನು ಆತ ನೆನಪಿಸದಂತೆ ಮಾತು ಬದಲಾಯಿಸಿ.

ತೆರಿಗೆ ಕಾನೂನು ಮಾಲೀಕರ ಮೇಲೆ ಎಷ್ಟು ಮಮತೆ ಇಟ್ಟಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಬೇಡಿ. ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆ ಆದಾಯದಲ್ಲಿ ಶೇ 30ನ್ನು, ಒಂದು ಬಿಲ್ಲೂ ಕೇಳದೆ, ರಿಪೇರಿ ಮುಂತಾದ ಖರ್ಚಿನ ಬಾಬ್ತು ಅದು ಬಿಟ್ಟುಕೊಡುತ್ತದೆ. ಈಗ ನಲ್ಲಿ ಸೋರಿದರೆ ಬಾಡಿಗೆದಾರನೇ ಪ್ಲಂಬರ್ ಕರೆಸುತ್ತಾನೆ, ಗೀಸರ್ ಕೆಟ್ಟರೆ ಆತನೇ ಸರಿಮಾಡಿಸುತ್ತಾನೆ, ಬಿಟ್ಟುಹೋಗುವಾಗ ಸುಣ್ಣಬಣ್ಣದ ದುಡ್ಡನ್ನೂ ಆತನೇ ತೆರುತ್ತಾನೆ. ಸರ್ಕಾರದಿಂದ ಒಮ್ಮೆ, ಬಾಡಿಗೆದಾರನಿಂದ ಇನ್ನೊಮ್ಮೆ ವಸೂಲಾದ ರಿಪೇರಿ, ಮನೆಗೆ ಮಾತ್ರ ಒಮ್ಮೆಯೂ ಆಗಿರುವುದಿಲ್ಲ.

ಹಾಲುಕ್ಕಿಸುವ ದಿನ

ಬಾಡಿಗೆದಾರ ಒಳಬರುವ ದಿನ ನೀವು ಹಾಜರಿರಬೇಕು. ಒಲೆಯ ಮೇಲೆ ಹಾಲು ಉಕ್ಕುವವರೆಗೆ ಸುಮ್ಮನಿದ್ದು, ಆಮೇಲೆ ಬಾಯಲ್ಲೇ ಷರತ್ತುಗಳನ್ನು ಹೇಳಲು ಶುರುಮಾಡಿ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ರಾತ್ರಿ ಹತ್ತಕ್ಕೆ ಗೇಟು ಬೀಗ. ಟೆರೇಸು ಮಾಲೀಕರಿಗೆ. ನೆಂಟರು ಎರಡು ದಿನಕ್ಕಿಂತ ಹೆಚ್ಚಿಗೆ ಇರುವಂತಿಲ್ಲ. ಬೆಳಿಗ್ಗೆ ಆರರಿಂದ ಏಳರವರೆಗೆ ನೀರು. ಇವು ಯಾವುವೂ ಕರಾರಿನಲ್ಲಿಲ್ಲ. ಕರಾರಿನಲ್ಲಿ ಬರೆದರೆ ಆತ ಸಹಿ ಹಾಕುವ ಮುಂಚೆ ಓದಿಬಿಡುತ್ತಿದ್ದ.

ಹೇಳಬಾರದ ವಿಷಯಗಳೂ ಇವೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಸಾಮಾನ್ಯ ಎಚ್ಚರದಿಂದ ನೋಡಿದರೂ ಬಾಡಿಗೆದಾರನಿಗೆ ಕಾಣದಂಥ, ಆದರೆ ನಿಮಗೆ ಗೊತ್ತಿರುವ ದೊಡ್ಡ ದೋಷವನ್ನು ನೀವೇ ಮೊದಲೇ ಹೇಳಬೇಕು. ಮಳೆಗಾಲದಲ್ಲಿ ಮಲಗುವ ಕೋಣೆಯ ಮೂಲೆ ಹಸಿಯಾಗುವುದನ್ನು, ಬೋರ್‌ವೆಲ್ ಮಾರ್ಚಿನಲ್ಲಿ ಗಾಳಿ ಉಗುಳುವುದನ್ನು ಹೇಳಬೇಕು ಎಂದಾಯಿತು. ಒಂದು ಕೋಟು ಡಿಸ್ಟೆಂಪರ್ ಬಳಿದರೆ 108ನೇ ಕಲಂ ಮುಚ್ಚಿಹೋಗುತ್ತದೆ, ಜೂನ್‌ವರೆಗೆ.

ನೀರಿನ ಖರ್ಚನ್ನಂತೂ ಬಾಯಿಬಿಟ್ಟು ಹೇಳಲೇಬೇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ, 12 ಸಾವಿರ ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಆ ಟ್ಯಾಂಕರಿನ ದುಡ್ಡು ಯಾರು ಕೊಡಬೇಕು ಎಂದು ಬಹುತೇಕ ಕರಾರುಗಳಲ್ಲಿ ಒಂದು ಸಾಲೂ ಇರಲಿಲ್ಲ. ಸಿಡಿಮದ್ದಿನ ಷರತ್ತು ಮಾತ್ರ ಭದ್ರವಾಗಿತ್ತು.

ಕರೆಂಟಿನಲ್ಲಿ ಇನ್ನೊಂದು ಅವಕಾಶ. 2023ರಲ್ಲಿ ಬಂದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಕರಾರು, ಆಧಾರ್, ಕರೆಂಟು ಬಿಲ್ಲಿನ ಆರ್‌ಆರ್ ನಂಬರ್ ಇದ್ದರೆ ಆತನೇ ಅರ್ಜಿ ಹಾಕಬಹುದು. ಹಿಂದಿನವನ ಆಧಾರ್ ಜೋಡಣೆ ಬಿಡಿಸಲೂ ವ್ಯವಸ್ಥೆಯಿದೆ. ಆದರೆ ಎರಡು ಮನೆಗೆ ಒಂದೇ ಮೀಟರು ಇಟ್ಟು, ಒಳಗೊಂದು ಸಬ್‌ಮೀಟರು ಕೂರಿಸಿ, ಯೂನಿಟ್ಟಿಗೆ ಹತ್ತು ರೂಪಾಯಿ ಎಂದರೆ, ಸರ್ಕಾರ ಪುಕ್ಕಟೆ ಕೊಟ್ಟದ್ದನ್ನು ಮಾರುವ ವಿದ್ಯುತ್ ಕಂಪನಿಯ ಒಡೆಯರು ನೀವೇ.

ಖಾಲಿ ಮಾಡುವ ದಿನ

ಇಷ್ಟು ದಿನದ ಶ್ರಮಕ್ಕೆ ಫಲ ಸಿಗುವ ದಿನ ಇದು. ಬಂದ ದಿನ ಮನೆಯ ಸ್ಥಿತಿ ಹೇಗಿತ್ತೆಂದು ಬರೆದಿಟ್ಟವರಿಲ್ಲ, ಫೋಟೋ ತೆಗೆದವರಿಲ್ಲ. ಆದ್ದರಿಂದ ಎಲ್ಲ ಕಲೆಯೂ ಆತನದೇ, ಎಲ್ಲ ಬಿರುಕೂ ಆತನದೇ. ಟಾರ್ಚ್ ಹಿಡಿದು ಮೊಳೆಯ ತೂತು ಎಣಿಸಿ. ಕನ್ನಡಿಯ ಹಿಂದೆ ನೋಡಿ. ಕಮೋಡಿನ ಮುಚ್ಚಳವನ್ನು ಎರಡು ಬಾರಿ ಎತ್ತಿ ಇಳಿಸಿ. ಕೊನೆಗೆ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಎನ್ನಿ. ಸಹಜ ಬಳಕೆಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು ಅದೇ 108ನೇ ಕಲಂ ಹೇಳುತ್ತದೆ, ಆದರೆ 'ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ' ಎಂಬ ಕಿಟಕಿಯೊಂದನ್ನು ಬಿಟ್ಟಿದೆ. ಜೆರಾಕ್ಸ್ ಅಂಗಡಿಯ ಕರಾರು ಆ ಕಿಟಕಿಯಿಂದಲೇ ಒಳಗೆ ನುಗ್ಗುತ್ತದೆ. ಮೂರು ಬಾಡಿಗೆದಾರರು ಮೂರು ಬಾರಿ ದುಡ್ಡು ಕೊಟ್ಟ ಅದೇ ಗೋಡೆ, ಬ್ರಷ್ಷಿನ ಮುಖ ನೋಡದೆ ನಾಲ್ಕನೆಯವನನ್ನು ಎದುರುನೋಡುತ್ತದೆ.

ಹೀಗೆ ಮುರಿದುಕೊಳ್ಳುವುದರಲ್ಲಿ ನಿಷ್ಣಾತರಾದ ಮಾಲೀಕರ ಮಕ್ಕಳು ಸಾಮಾನ್ಯವಾಗಿ ಹೊರದೇಶದಲ್ಲಿರುತ್ತಾರೆ, ಬಾಡಿಗೆ ಮನೆಯಲ್ಲಿ. ಅವರ ಬಗ್ಗೆ ಅಪ್ಪ ಮಾತಾಡುವುದನ್ನು ಕೇಳಬೇಕು. "ಕ್ಯಾಲಿಫೋರ್ನಿಯಾದಲ್ಲಿ ನೋಡಿ ಸಾರ್, ಮನೆ ಬಿಟ್ಟ 21 ದಿನದೊಳಗೆ ಡಿಪಾಸಿಟ್ ವಾಪಸು ಬರಬೇಕು. ಮುರಿದುಕೊಂಡ್ರೆ ಯಾವುದಕ್ಕೆ ಎಷ್ಟು ಅಂತ ಲೆಕ್ಕ ಕೊಡಬೇಕು. ಮಗಳು ಜರ್ಮನಿಯಲ್ಲಿದ್ದಾಳೆ, ಅಲ್ಲಿ ಮೂರು ತಿಂಗಳಿಗಿಂತ ಹೆಚ್ಚು ತಗೊಳೋ ಹಾಗೇ ಇಲ್ಲ. ಅದನ್ನೂ ಓನರ್ ತನ್ನ ದುಡ್ಡಿನ ಜೊತೆ ಬೆರೆಸೋ ಹಾಗಿಲ್ಲ, ಬಡ್ಡಿ ಸೇರಿಸಿ ಕೊಡಬೇಕು. ಕಾನೂನು ಅಂದ್ರೆ ಅದು! ನಮ್ಮ ದೇಶ ಯಾವಾಗ ಉದ್ಧಾರ ಆಗುತ್ತೋ." ಇಷ್ಟು ಹೇಳಿ, ಎದುರಿಗೆ ನಿಂತ ಬಾಡಿಗೆದಾರನ ಅಡ್ವಾನ್ಸಿನಲ್ಲಿ ಒಡೆದ ಟ್ಯೂಬ್‌ಲೈಟಿನ ಚೋಕಿಗೆ 450 ಮುರಿದು, ಉಳಿದದ್ದಕ್ಕೆ ಮುಂದಿನ ತಿಂಗಳ ತಾರೀಖಿನ ಚೆಕ್ ಬರೆಯುತ್ತಾರೆ. ಮಕ್ಕಳು ಬಾಡಿಗೆದಾರರಾಗಿರುವ ದೇಶದಲ್ಲಿ ಕಾನೂನು ಬಾಡಿಗೆದಾರನ ಪರ, ತಾವು ಮಾಲೀಕರಾಗಿರುವ ಬೀದಿಯಲ್ಲಿ ಕಾನೂನು ಮಾಲೀಕನ ಪರ ಇರಬೇಕೆಂದು ಬಯಸುವುದರಲ್ಲಿ ವಿರೋಧಾಭಾಸವೇನೂ ಇಲ್ಲ. ಎರಡರಲ್ಲೂ ಕುಟುಂಬ ಒಂದೇ.

ಅನುಬಂಧ: ಮಾಡಬಾರದ ಕೆಲಸಗಳು

ಹೊಸ ಮಾಲೀಕರನ್ನು ದಾರಿ ತಪ್ಪಿಸುವ ಕೆಲವು ಅಡ್ಡದಾರಿಗಳೂ ಊರಿನಲ್ಲಿವೆ. ಅವನ್ನು ಗುರುತಿಸಿ ದೂರವಿಡಲು ಅನುಕೂಲವಾಗಲೆಂದು ಇಲ್ಲಿ ಪಟ್ಟಿ ಮಾಡಲಾಗಿದೆ.

ಕರಾರನ್ನು ಬಾಡಿಗೆದಾರನಿಗೆ ಎರಡು ದಿನ ಮೊದಲೇ ಕೊಟ್ಟು ಓದಿಕೊಂಡು ಬನ್ನಿ ಎನ್ನುವುದು. ಸರಿಯಾದ ಸ್ಟಾಂಪು ಹಾಕಿ ಎರಡು ಪ್ರತಿ ಮಾಡಿಸುವುದು. ಅವಧಿ ವರ್ಷ ಮೀರಿದರೆ ನೋಂದಣಿ ಮಾಡಿಸುವುದು. ಪೈಪು ಒಡೆದರೆ ಯಾರು, ಟ್ಯಾಂಕರಿಗೆ ಯಾರು, ಪೇಂಟಿಂಗಿಗೆ ಯಾರು ಎಂದು ನಾಲ್ಕು ಸಾಲು ಸೇರಿಸುವುದು. ಕೀಲಿ ಕೊಡುವ ದಿನ ಇಬ್ಬರೂ ಮನೆಯೊಳಗೆ ಒಂದು ಸುತ್ತು ಬಂದು ಫ್ಯಾನೆಷ್ಟು, ಟ್ಯೂಬ್‌ಲೈಟೆಷ್ಟು, ಮೀಟರ್ ರೀಡಿಂಗೆಷ್ಟು, ಯಾವ ಗೋಡೆಯಲ್ಲಿ ಯಾವ ಕಲೆ ಎಂದು ಬರೆದು, ಫೋಟೋ ತೆಗೆದು, ಇಬ್ಬರೂ ಸಹಿ ಹಾಕುವುದು. ಬಾಡಿಗೆಯನ್ನು ಬ್ಯಾಂಕಿಗೆ ಪಡೆಯುವುದು. ಪ್ಯಾನ್ ಕೊಡುವುದು. ಅಡ್ವಾನ್ಸನ್ನು ಮುಟ್ಟದೆ ಇಟ್ಟು, ಕೀಲಿ ವಾಪಸು ಬಂದ ದಿನವೇ ಲೆಕ್ಕ ಚುಕ್ತಾ ಮಾಡುವುದು.

ಒಂದು ಸಂಜೆಯಲ್ಲಿ ಮುಗಿಯುವ ಕೆಲಸ ಇದು. ಅಪಾಯವಿರುವುದು ಇದರ ಪರಿಣಾಮದಲ್ಲಿ. ಹೀಗೆ ಒಳಗೆ ಬಂದ ಬಾಡಿಗೆದಾರ ಸಮಯಕ್ಕೆ ಸರಿಯಾಗಿ ಬಾಡಿಗೆ ಕೊಡುತ್ತಾನೆ, ತಕರಾರು ಮಾಡುವುದಿಲ್ಲ, ನಾಲ್ಕೈದು ವರ್ಷ ಇದ್ದುಬಿಡುತ್ತಾನೆ. ಬ್ರೋಕರಿಗೆ ವರ್ಷ ವರ್ಷ ಸಿಗುತ್ತಿದ್ದ ಕಮಿಷನ್ ತಪ್ಪುತ್ತದೆ, ನಿಮಗೆ ಪೇಂಟಿಂಗಿನ ಆದಾಯ ತಪ್ಪುತ್ತದೆ, ವಕೀಲರಿಗೆ ಕೇಸು ತಪ್ಪುತ್ತದೆ, ಬೀದಿಗೆ ಸಂಜೆಯ ಜಗಳ ತಪ್ಪುತ್ತದೆ. ಇಷ್ಟು ಜನರ ಹೊಟ್ಟೆಯ ಮೇಲೆ ಹೊಡೆಯುವ ಮುಂಚೆ ಮಾಲೀಕರು ಚೆನ್ನಾಗಿ ಯೋಚಿಸಬೇಕು. ಮನೆಯವರನ್ನೂ ಒಂದು ಮಾತು ಕೇಳುವುದು ಒಳ್ಳೆಯದು. ಈ ಸಲ ನಿಜವಾಗಿ.